“ಬಂದ ಎಲ್ಲ ಕಥೆಗಳ ಹಕ್ಕು ಸಂಘಟಕರಿಗೆ” ಎಂಬ ನಿಯಮವಿದೆ: ಕಥೆ ಕಳುಹಿಸಬಹುದೇ?

ಬನಹಟ್ಟಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮೂರಿನ ವಿದ್ಯುತ್ ಮಗ್ಗದ ಮನೆಯೊಂದರಲ್ಲಿ ಬೆಳೆಯುವ ಹುಡುಗಿಯ ಕಥೆ ಬರೆದಿದ್ದೇನೆ. ತಿದ್ದಿ ತಿದ್ದಿ ಈಗ ಒಂದು ಹದಕ್ಕೆ ಬಂದಿದೆ ಅನ್ನಿಸುತ್ತಿದೆ. ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ರಾಜ್ಯಮಟ್ಟದ ಕಥಾಸ್ಪರ್ಧೆಯೊಂದರ ಪ್ರಕಟಣೆ ಬಂತು. ಸಂಘಟಕರ ಹೆಸರು ಇಲ್ಲಿ ಬೇಡ, ನಿಯಮಗಳನ್ನಷ್ಟೇ ಇದ್ದಂತೆ ಕೊಡುತ್ತೇನೆ:

“ಕಥೆ ಸ್ವಂತ ರಚನೆಯಾಗಿರಬೇಕು, ಎಲ್ಲಿಯೂ ಪ್ರಕಟವಾಗಿರಬಾರದು. 3000 ಪದಗಳನ್ನು ಮೀರಬಾರದು. ನುಡಿ ಅಥವಾ ಯೂನಿಕೋಡ್‌ನಲ್ಲಿ ಟೈಪ್ ಮಾಡಿರಬೇಕು. ಕಥೆಯ ಪುಟಗಳಲ್ಲಿ ಲೇಖಕರ ಹೆಸರು, ವಿಳಾಸ ಇರಬಾರದು. ಪ್ರವೇಶ ಶುಲ್ಕ 300 ರೂಪಾಯಿ. ಸ್ಪರ್ಧೆಗೆ ಬಂದ ಎಲ್ಲ ಕಥೆಗಳ ಸಂಪೂರ್ಣ ಹಕ್ಕು ಸಂಘಟಕರಿಗೆ ಸೇರಿರುತ್ತದೆ. ತೀರ್ಪುಗಾರರ ತೀರ್ಮಾನವೇ ಅಂತಿಮ.”

ಹಕ್ಕಿನ ಆ ಸಾಲು ಓದಿದ ಮೇಲೆ ಕೈ ಹಿಂಜರಿಯುತ್ತಿದೆ. ಬಹುಮಾನ ಬಾರದಿದ್ದರೂ ಕಥೆ ನನ್ನದಾಗಿ ಉಳಿಯುವುದಿಲ್ಲವೇ? ಇನ್ನೊಂದು ಸಂದೇಹವೂ ಇದೆ. ಕಥೆಯ ಮೊದಲ ಎರಡು ಪ್ಯಾರಾಗಳನ್ನು ಹಿಂದೊಮ್ಮೆ ಫೇಸ್‌ಬುಕ್‌ನಲ್ಲಿ ಹಾಕಿದ್ದೆ. ಅದನ್ನು “ಪ್ರಕಟ” ಎಂದು ಎಣಿಸುತ್ತಾರೆಯೇ? ತಿಳಿದವರು ಹೇಳಿ.

ಜಮಖಂಡಿಯ ಕವಿ

ಅಕ್ಕಾ, ಕಳುಹಿಸಿಬಿಡಿ. ಇಂಥ ಸಾಲು ಎಲ್ಲ ಪ್ರಕಟಣೆಗಳಲ್ಲೂ ಇರುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿ ಹಾಕುತ್ತಾರೆ. ಅದನ್ನು ಹಿಡಿದುಕೊಂಡು ಯಾರೂ ನಿಮ್ಮ ಮನೆಗೆ ಬರುವುದಿಲ್ಲ.

ಬೆಳಗಾವಿಯ ವಕೀಲ

ಯಾರೂ ಮನೆಗೆ ಬರುವುದಿಲ್ಲ ಎಂಬುದು ನಿಜವಿರಬಹುದು. ಆದರೆ ನಾಳೆ ತಂಗಿಯವರು ಕಥಾಸಂಕಲನ ತರುವಾಗ ಪ್ರಕಾಶಕರು “ಈ ಕಥೆಯ ಹಕ್ಕು ನಿಮ್ಮಲ್ಲೇ ಇದೆಯೇ” ಎಂದು ಕೇಳಿದರೆ ಏನು ಉತ್ತರ ಕೊಡಬೇಕು? ಅದಕ್ಕಾಗಿ ಈಗಲೇ ನೋಡಬೇಕು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಕಥೆ ಬರೆದ ಕೂಡಲೇ ಅದರ ಕೃತಿಸ್ವಾಮ್ಯ ಬರೆದವರದ್ದಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಅದಕ್ಕೆ ನೋಂದಣಿಯನ್ನು ಕಡ್ಡಾಯ ಮಾಡಿಲ್ಲ. ಆ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಏನೇನು ಬೇಕು ಎಂಬುದು 19ನೇ ಕಲಮಿನಲ್ಲಿದೆ. ವರ್ಗಾವಣೆ ಬರಹದಲ್ಲಿರಬೇಕು, ಹಕ್ಕು ಕೊಡುವವರ ಸಹಿ ಇರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಅವಧಿಗೆ, ಯಾವ ಪ್ರದೇಶಕ್ಕೆ, ಪ್ರತಿಫಲವೇನು ಎಂಬುದನ್ನು ಅಲ್ಲಿ ಹೇಳಿರಬೇಕು. ಅವಧಿ ಹೇಳದಿದ್ದರೆ ಐದು ವರ್ಷ ಎಂದು, ಪ್ರದೇಶ ಹೇಳದಿದ್ದರೆ ಭಾರತ ಎಂದು ಕಾಯ್ದೆಯೇ ಭಾವಿಸಿಕೊಳ್ಳುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದ ಪಕ್ಷದಲ್ಲಿ, ವರ್ಗಾವಣೆ ಬಿದ್ದುಹೋಗುತ್ತದೆ.

ಹೀಗಾಗಿ ಪ್ರಕಟಣೆಯ ಮೂಲೆಯಲ್ಲಿ ಒಂದು ಸಾಲು ಮುದ್ರಿಸಿದ ಮಾತ್ರಕ್ಕೆ ನಿಮ್ಮ ಕಥೆ ಅವರದ್ದಾಗುವುದಿಲ್ಲ. ಎಚ್ಚರ ವಹಿಸಬೇಕಾದದ್ದು ಕಥೆಯೊಂದಿಗೆ ಕಳುಹಿಸುವ ದೃಢೀಕರಣ ಪತ್ರದ ವಿಷಯದಲ್ಲಿ. “ಇದು ನನ್ನ ಸ್ವಂತ ರಚನೆ” ಎಂಬ ವಾಕ್ಯದ ಕೆಳಗೆ “ಮೇಲಿನ ಎಲ್ಲ ನಿಯಮಗಳಿಗೆ ಬದ್ಧಳಾಗಿದ್ದೇನೆ” ಎಂದು ಬರೆಸಿ ಸಹಿ ಮಾಡಿಸಿಕೊಳ್ಳುತ್ತಾರೆ. ಆ ಸಹಿಗೆ ತೂಕವಿದೆ. ಆನ್‌ಲೈನ್ ಅರ್ಜಿಯಲ್ಲಿ ಟಿಕ್ ಹಾಕಿದ್ದೂ ಒಪ್ಪಿಗೆಯೇ ಎಂದು ವಾದಿಸಲು ದಾರಿಯಿದೆ. ಟಿಕ್ ತಾನೇ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ.

ನಮ್ಮ ಕಡೆ ಹೊಲ ಮಾರುವುದು ಬೇರೆ, ಲಾವಣಿಗೆ, ಅಂದರೆ ಗೇಣಿಗೆ, ಕೊಡುವುದು ಬೇರೆ. ಎರಡರಲ್ಲೂ ಬೆಳೆ ತೆಗೆಯುವವರು ಇನ್ನೊಬ್ಬರೇ, ಆದರೆ ಉತಾರದಲ್ಲಿ (ಪಹಣಿಯಲ್ಲಿ) ಯಾರ ಹೆಸರು ಉಳಿಯುತ್ತದೆ ಎಂಬುದು ಮುಖ್ಯ. ಸ್ಪರ್ಧೆಯವರಿಗೆ ಬೇಕಾಗಿರುವುದು ಕಥೆಯನ್ನು ಮುದ್ರಿಸಲು ಅನುಮತಿ. ಅದು ಲಾವಣಿಯ ಬಗೆ. “ಸಂಪೂರ್ಣ ಹಕ್ಕು” ಎಂದು ಬರೆದರೆ ಅದು ಮಾರಾಟದ ಭಾಷೆ.

ಇನ್ನೊಂದು ಮಾತು. ಹಕ್ಕು ವರ್ಗಾಯಿಸಿದ ಮೇಲೂ “ಇದನ್ನು ಬರೆದವಳು ನಾನು” ಎಂದು ಹೇಳಿಕೊಳ್ಳುವ ಅಧಿಕಾರ ಮತ್ತು ಕೃತಿಯನ್ನು ವಿರೂಪಗೊಳಿಸಿ ಹೆಸರಿಗೆ ಕುಂದು ತಂದರೆ ತಡೆಯುವ ಅಧಿಕಾರ 57ನೇ ಕಲಮಿನ ಪ್ರಕಾರ ಲೇಖಕರಲ್ಲೇ ಉಳಿಯುತ್ತದೆ. ನಿಮ್ಮ ಹೆಸರು ತೆಗೆದು ಮುದ್ರಿಸುವಂತಿಲ್ಲ.

ಫೇಸ್‌ಬುಕ್ ವಿಷಯ: ಕಾಯ್ದೆಯ 3ನೇ ಕಲಮಿನಲ್ಲಿ ಪ್ರಕಟಣೆ ಎಂದರೆ ಪ್ರತಿಗಳನ್ನು ಹೊರಡಿಸುವುದು ಮಾತ್ರವಲ್ಲ, ಸಾರ್ವಜನಿಕರಿಗೆ ತಲುಪಿಸುವುದೂ ಹೌದು. ಎಲ್ಲರಿಗೂ ಕಾಣುವಂತೆ ಹಾಕಿದ ಬರಹ ಅದರೊಳಗೆ ಬರುತ್ತದೆ. ಎರಡು ಪ್ಯಾರಾಗಳಿಗಾಗಿ ಇಡೀ ಕಥೆಯನ್ನು ಹೊರಗಿಡುವುದೋ ಬಿಡುವುದೋ ಸಂಘಟಕರ ವಿವೇಚನೆ. ಬಚ್ಚಿಡದೆ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಬನಹಟ್ಟಿಯ ಶಿಕ್ಷಕಿ

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಬಹಳ ಉಪಕಾರವಾಯಿತು. ದೃಢೀಕರಣ ಪತ್ರದ ನಮೂನೆ ಈಗ ನೋಡಿದೆ. ನೀವು ಹೇಳಿದ ವಾಕ್ಯ ಹಾಗೆಯೇ ಇದೆ: “ಎಲ್ಲ ನಿಯಮಗಳಿಗೆ ಬದ್ಧನಾಗಿ/ಳಾಗಿ ಸಹಿ ಮಾಡಿರುತ್ತೇನೆ.” ಸಂಘಟಕರಿಗೆ ಕಾಗದ ಬರೆಯುತ್ತೇನೆ. ಹೊಸಬಳು ಹೀಗೆ ಪ್ರಶ್ನೆ ಕೇಳಿದರೆ ಕಥೆಯನ್ನು ಬದಿಗಿಟ್ಟುಬಿಡುತ್ತಾರೇನೋ ಎಂಬ ಅಳುಕು ಮಾತ್ರ ಇದೆ.

ಬೈಲಹೊಂಗಲದ ಸಂಘಟಕ

ಅಳುಕಬೇಡಿ ಅಕ್ಕಾ. ನಮ್ಮ ತಾಲ್ಲೂಕಿನಲ್ಲಿ ಗೆಳೆಯರು ಸೇರಿ ಸಣ್ಣ ಮಟ್ಟದಲ್ಲಿ ಕವನ ಸ್ಪರ್ಧೆ ನಡೆಸುತ್ತೇವೆ, ಹಾಗಾಗಿ ಆ ಬದಿಯ ಮಾತನ್ನೂ ಹೇಳುತ್ತೇನೆ. ನೀವು ಪತ್ರ ಬರೆಯುವುದು ಸಂಘಟಕರಿಗೆ, ಕಥೆ ಹೋಗುವುದು ತೀರ್ಪುಗಾರರಿಗೆ. ಹೆಸರು ತೆಗೆದು ಸಂಕೇತ ಸಂಖ್ಯೆ ಹಾಕಿ ಕಳುಹಿಸುವ ಪದ್ಧತಿ ಸರಿಯಾಗಿ ನಡೆದರೆ, ಪ್ರಶ್ನೆ ಕೇಳಿದವರು ಯಾರೆಂದು ತೀರ್ಪುಗಾರರಿಗೆ ತಿಳಿಯುವುದೇ ಇಲ್ಲ.

“ಎಲ್ಲ ಹಕ್ಕು ನಮ್ಮದು” ಎಂದು ಬರೆಯುವವರೆಲ್ಲ ಕೆಟ್ಟ ಉದ್ದೇಶದವರಲ್ಲ. ಫಲಿತಾಂಶದ ನಂತರ ಸಂಕಲನ ತರುವಾಗ ಒಬ್ಬೊಬ್ಬರನ್ನೂ ಹುಡುಕಿ ಒಪ್ಪಿಗೆ ಪಡೆಯುವುದು ತ್ರಾಸದ ಕೆಲಸ. ಫೋನ್ ಸಂಖ್ಯೆ ಬದಲಾಗಿರುತ್ತದೆ, ಕಾಗದ ವಾಪಸು ಬರುತ್ತದೆ. ಆ ತ್ರಾಸ ತಪ್ಪಿಸಲು ಒಂದೇ ಸಾಲಿನಲ್ಲಿ ಎಲ್ಲವನ್ನೂ ಬಾಚಿಕೊಳ್ಳುತ್ತಾರೆ. ಆದರೆ ತ್ರಾಸ ಸಂಘಟಕರದ್ದು, ಅದರ ಬೆಲೆಯನ್ನು ಬರೆದವರು ತೆರಬಾರದು. ನಮ್ಮ ಪ್ರಕಟಣೆಯಲ್ಲಿ ನಾವು ಹೀಗೆ ಬರೆಯುತ್ತೇವೆ: “ಬಹುಮಾನಿತ ಹಾಗೂ ಮೆಚ್ಚುಗೆ ಪಡೆದ ಕವನಗಳನ್ನು ಒಂದು ಬಾರಿ ಸಂಕಲನದಲ್ಲಿ ಪ್ರಕಟಿಸುವ ಅನುಮತಿಯನ್ನು ಸ್ಪರ್ಧಿಗಳು ನೀಡಿರುತ್ತಾರೆ. ಕೃತಿಸ್ವಾಮ್ಯ ಕವಿಗಳದ್ದೇ. ಉಳಿದ ಕವನಗಳನ್ನು ಫಲಿತಾಂಶದ ನಂತರ ಕವಿಗಳು ಎಲ್ಲಿ ಬೇಕಾದರೂ ಪ್ರಕಟಿಸಬಹುದು.” ಇದರಿಂದ ನಮ್ಮ ಕೆಲಸವೇನೂ ನಿಂತಿಲ್ಲ.

ಗೋಕಾಕದ ಓದುಗ

ಶುಲ್ಕದ ಬಗ್ಗೆ ಯಾರೂ ಮಾತನಾಡಲಿಲ್ಲ. ಶುಲ್ಕ ಇದ್ದ ಮಾತ್ರಕ್ಕೆ ಮೋಸ ಎನ್ನಲಾರೆ. ತೀರ್ಪುಗಾರರಿಗೆ ಗೌರವಧನ ಕೊಡಬೇಕು, ಅಂಚೆ, ಮುದ್ರಣ ಎಂದು ಖರ್ಚುಗಳಿವೆ. ಆದರೆ ಶುಲ್ಕ ಕೇಳುವವರು ಬಹುಮಾನದ ಮೊತ್ತವನ್ನು ಹೇಳಬೇಕು, ಫಲಿತಾಂಶದ ದಿನಾಂಕವನ್ನು ಹೇಳಬೇಕು, ತೀರ್ಪುಗಾರರು ಯಾರೆಂದು ಕೊನೆಗಾದರೂ ಹೇಳಬೇಕು. “ಆಕರ್ಷಕ ಬಹುಮಾನ” ಎಂದಷ್ಟೇ ಇದ್ದರೆ ನಾನು ಅಲ್ಲಿಗೇ ಓದು ನಿಲ್ಲಿಸುತ್ತೇನೆ.

ನನ್ನ ತಮ್ಮನಿಗೆ ಆದದ್ದನ್ನು ಕೇಳಿ. ಕವನ ಸ್ಪರ್ಧೆಯೊಂದಕ್ಕೆ ಕಳುಹಿಸಿದ. “ನಿಮ್ಮ ಕವನ ಆಯ್ಕೆಯಾಗಿದೆ, ಅಭಿನಂದನೆಗಳು” ಎಂದು ಸಂದೇಶ ಬಂತು. ಮನೆಯಲ್ಲಿ ಕರದಂಟು ಹಂಚಿದೆವು. ಎರಡನೆಯ ಸಂದೇಶದಲ್ಲಿ ವಿಷಯ ಹೊರಬಿತ್ತು. ಸಂಕಲನದಲ್ಲಿ ಕವನ ಬರಬೇಕಾದರೆ ಐದು ಪ್ರತಿಗಳನ್ನು ಮುಂಗಡ ಹಣ ಕೊಟ್ಟು ಕೊಳ್ಳಬೇಕು, ಪ್ರಮಾಣಪತ್ರ ಮತ್ತು ಶಾಲಿಗೆ ಬೇರೆ ಹಣ. ವಿಚಾರಿಸಿದರೆ ಅವನಿಗೆ ಪರಿಚಯವಿದ್ದ, ಕವನ ಕಳುಹಿಸಿದ್ದ ಎಲ್ಲರೂ ಆಯ್ಕೆಯಾಗಿದ್ದರು! ಪ್ರಕಟಣೆಯಲ್ಲಿ ಇದರ ಸುಳಿವು ಒಂದೇ ಒಂದು ಕಡೆ ಇತ್ತು: “ಆಯ್ಕೆಯಾದವರು ಸಂಘಟಕರೊಂದಿಗೆ ಸಹಕರಿಸಬೇಕು.” ಸಹಕಾರ ಎಂದರೆ ಹಣ ಎಂದು ಇಪ್ಪತ್ತು ವರ್ಷದ ಹುಡುಗನಿಗೆ ಹೇಗೆ ಹೊಳೆಯಬೇಕು? ಅವನು ಆಮೇಲೆ ಬಹಳ ದಿನ ಬರೆಯಲೇ ಇಲ್ಲ. ನನಗೆ ಹಣಕ್ಕಿಂತ ಅದರ ಸಂಕಟವೇ ಹೆಚ್ಚು.

ವಿಜಯಪುರದ ಡಿಟಿಪಿ ಕೆಲಸಗಾರ

ನುಡಿ ಮತ್ತು ಯೂನಿಕೋಡ್ ಬಗ್ಗೆ ಹೇಳಲೇಬೇಕು. ನಮ್ಮ ಅಂಗಡಿಗೆ ಸ್ಪರ್ಧೆಯ ಕೊನೆಯ ದಿನ ಓಡಿ ಬರುವವರು ಹೆಚ್ಚು.

ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು ಹೊತ್ತ ಅಕ್ಷರಗಳು, ನಡುವೆ ಪೌಂಡಿನ ಚಿಹ್ನೆ, ಹೀಗೆ ಪುಟ ತುಂಬ ಕಾಣುತ್ತದೆ. ಮೊಬೈಲಿನಲ್ಲಿ ತೆರೆದರೂ ಅದೇ ಪಾಡು. ಯೂನಿಕೋಡ್‌ನಲ್ಲಿ ಈ ತೊಂದರೆಯಿಲ್ಲ. ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಪರಿವರ್ತನೆಯಾದ ಮೇಲೆ ಅರ್ಕಾವತ್ತು ಬರುವ ಪದಗಳನ್ನು ಒಂದೊಂದಾಗಿ ನೋಡಿ. ವರ್ಷ, ಸೂರ್ಯ, ಧರ್ಮ ಇಂಥ ಕಡೆ ಅಕ್ಷರ ಜಾಗ ಬದಲಿಸಿಬಿಡುವುದುಂಟು. ಅಂಕಿಗಳನ್ನೂ ಉದ್ಧರಣ ಚಿಹ್ನೆಗಳನ್ನೂ ನೋಡಿ.

ನಿಯಮದಲ್ಲಿ ವರ್ಡ್ ಕಡತ ಎಂದಿದ್ದರೆ ವರ್ಡ್ ಕಳುಹಿಸಿ, ಪಿಡಿಎಫ್ ಎಂದಿದ್ದರೆ ಪಿಡಿಎಫ್. ಹೇಳಿರದಿದ್ದರೆ ಎರಡನ್ನೂ ಕಳುಹಿಸುವುದು ಲೇಸು. ಮತ್ತೆ, ಕಥೆಯ ಪುಟದಲ್ಲಿ ಹೆಸರು ಅಳಿಸಿ ಕಡತದ ಹೆಸರಿನಲ್ಲಿ ತಮ್ಮ ಹೆಸರನ್ನೇ ಇಟ್ಟು ಕಳುಹಿಸುತ್ತಾರೆ. ಕಡತಕ್ಕೆ ಕಥೆಯ ಶೀರ್ಷಿಕೆ ಮಾತ್ರ ಇಡಿ. ವರ್ಡ್ ಕಡತದ ವಿವರಗಳಲ್ಲಿ ಲೇಖಕರ ಹೆಸರು ತಾನಾಗಿಯೇ ಸೇರಿಕೊಂಡಿರುತ್ತದೆ, ಅದನ್ನೂ ತೆಗೆಯಬೇಕು.

ಅಂಚೆಯಲ್ಲಿ ಕಳುಹಿಸುವವರಿಗೆ: “ಈ ದಿನಾಂಕದೊಳಗೆ ತಲುಪಬೇಕು” ಎಂಬುದು ಬೇರೆ, “ಈ ದಿನಾಂಕದೊಳಗೆ ಅಂಚೆಗೆ ಹಾಕಿರಬೇಕು” ಎಂಬುದು ಬೇರೆ. ಹಳೆಯ ರಿಜಿಸ್ಟರ್ಡ್ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಂದಿಗೆ ವಿಲೀನ ಮಾಡಿದ್ದಾರೆ, ಆದ್ದರಿಂದ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಬಾಗಲಕೋಟೆಯ ನಿವೃತ್ತ ಪ್ರಾಧ್ಯಾಪಕ

ಕೆಲವು ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕುಳಿತಿದ್ದೇನೆ. “ತೀರ್ಪುಗಾರರ ತೀರ್ಮಾನವೇ ಅಂತಿಮ” ಎಂಬ ಸಾಲನ್ನು ನೋಡಿ ಕೆಲವರು ಸಿಟ್ಟಾಗುತ್ತಾರೆ. ಅದು ಇರಬೇಕಾದ ಸಾಲು. ಒಂದು ಕಥೆ ಇನ್ನೊಂದಕ್ಕಿಂತ ಏಕೆ ಮೇಲು ಎಂಬುದನ್ನು ಅಂಕಗಳಲ್ಲಿ ಸಾಬೀತು ಮಾಡಲು ಯಾರಿಂದಲೂ ಆಗದು. ಆದರೆ ಆ ಸಾಲು ರುಚಿಗೆ, ವಿವೇಚನೆಗೆ ಸಂಬಂಧಿಸಿದ್ದು. ಕೃತಿಚೌರ್ಯ ನಡೆದಿದೆ ಎಂದು ಆಧಾರಸಹಿತ ದೂರು ಬಂದಾಗ ಅದರ ಹಿಂದೆ ಸಂಘಟಕರು ಅಡಗಿಕೊಳ್ಳಬಾರದು.

ಪದಮಿತಿಯ ಬಗ್ಗೆ. ಕನ್ನಡದಲ್ಲಿ ವಿಭಕ್ತಿ, ಅವ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ 3000 ಪದ ಎಂದರೆ ಸಾಕಷ್ಟು ದೊಡ್ಡ ಕಥೆಯೇ. ಕಂಪ್ಯೂಟರ್ ನಡುವಿನ ಜಾಗ ನೋಡಿ ಎಣಿಸುತ್ತದೆ. ಮಿತಿಯೊಳಗೆ ತರಲು ಬಿಡಿಸಿ ಬರೆಯಬೇಕಾದ ಪದಗಳನ್ನು ಕೂಡಿಸಿ ಬರೆದವರಿದ್ದಾರೆ, ಓದುವಾಗ ಅದು ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಅದರ ಬದಲು ಮೊದಲ ಪುಟವನ್ನು ಮತ್ತೆ ನೋಡಿ. ನಾನು ಓದಿದ ಎಷ್ಟೋ ಕಥೆಗಳು ನಿಜವಾಗಿ ಶುರುವಾಗುವುದು ಎರಡನೆಯ ಪುಟದಲ್ಲಿ. ಅದಕ್ಕೂ ಮೊದಲು ಬೆಳಗಾಗಿರುತ್ತದೆ, ಕೋಳಿ ಕೂಗಿರುತ್ತದೆ, ನಾಯಕ ಹಾಸಿಗೆಯಲ್ಲಿ ಹೊರಳಿರುತ್ತಾನೆ.

ಬನಹಟ್ಟಿಯ ತಂಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ನೇಕಾರರ ಮನೆಯ ಮಾತನ್ನು ಸಂಭಾಷಣೆಯಲ್ಲಿ ಹಾಗೆಯೇ ಇಟ್ಟಿದ್ದರೆ ಸ್ಪರ್ಧೆಗಾಗಿ ಅದನ್ನು ತಿದ್ದಬೇಡಿ. “ಕಥೆ ಕನ್ನಡದಲ್ಲಿರಬೇಕು” ಎಂಬ ನಿಯಮ ನಮ್ಮ ಕಡೆಯ ಮಾತನ್ನು ಹೊರಗಿಡುವುದಿಲ್ಲ. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಸೀಮೆಯ ಮಾತಿನಲ್ಲೇ ಕಾವ್ಯ, ನಾಟಕ ಕಟ್ಟಿದರು, 2010ರ ಸಾಲಿನ ಜ್ಞಾನಪೀಠ ಅವರಿಗೆ ಬಂತು.

ಇಂಡಿ ತಾಲ್ಲೂಕಿನ ಓದುಗಿ

ಗುರುಗಳೇ, ನನ್ನದೊಂದು ಪ್ರಶ್ನೆ. ನಮ್ಮ ಅಜ್ಜಿ ಬೀಸುವ ಕಲ್ಲಿನ ಪದಗಳನ್ನು ಹಾಡುತ್ತಿದ್ದರು, ನನ್ನ ಬಳಿ ಬರೆದಿಟ್ಟುಕೊಂಡವು ಇವೆ. ಅವುಗಳನ್ನು ಅಲ್ಲಲ್ಲಿ ತಿದ್ದಿ, ನನ್ನ ಕೆಲವು ಸಾಲು ಸೇರಿಸಿ ಕವನ ಸ್ಪರ್ಧೆಗೆ ಕಳುಹಿಸಬಹುದೇ? ಯಾರ ಹಕ್ಕೂ ಇಲ್ಲದ ಪದಗಳಲ್ಲವೇ ಅವು?

ಬಾಗಲಕೋಟೆಯ ನಿವೃತ್ತ ಪ್ರಾಧ್ಯಾಪಕ

ಸ್ವಂತ ರಚನೆ ಎಂದು ಸಹಿ ಮಾಡಿ ಕಳುಹಿಸಬೇಡಿ ಮಗಳೇ. ಕಾನೂನು ಒತ್ತಟ್ಟಿಗಿರಲಿ. ನಿಮ್ಮ ಜಿಲ್ಲೆಯ ಹಲಸಂಗಿಯಲ್ಲೇ ಇದಕ್ಕೆ ಮೇಲ್ಪಂಕ್ತಿಯಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಗರತಿಯರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು, ಮುದ್ರಿಸುವಾಗ ಸಂಗ್ರಹ ಎಂದೇ ಹೇಳಿದರು. ಮಧುರಚೆನ್ನರು ತಾವೇ ದೊಡ್ಡ ಕವಿ, ಆದರೂ ಆ ಹಾಡುಗಳನ್ನು ತಮ್ಮ ಹೆಸರಿಗೆ ಹಚ್ಚಿಕೊಳ್ಳಲಿಲ್ಲ. ಅಜ್ಜಿಯ ಪದದ ಒಂದು ಸಾಲನ್ನು ಉದ್ಧರಿಸಿ, ಅದು ಅಜ್ಜಿಯದೆಂದು ಹೇಳಿ, ಅದರಿಂದ ಮುಂದಕ್ಕೆ ನಿಮ್ಮ ಕವನ ಬರೆಯಿರಿ. ಉಳಿದ ಪದಗಳನ್ನು ಜನಪದ ಸಂಗ್ರಹವಾಗಿ, ಅಜ್ಜಿಯ ಹೆಸರು, ಊರು ಸಮೇತ ಪ್ರಕಟಿಸಿ. ಅದಕ್ಕೆ ಸ್ಪರ್ಧೆಗಿಂತ ಹೆಚ್ಚಿನ ಬೆಲೆಯಿದೆ.

ನಿಪ್ಪಾಣಿಯ ಅನುವಾದಕಿ

ನಮ್ಮ ಗಡಿಭಾಗದಲ್ಲಿ ಮರಾಠಿಯಿಂದ ಅನುವಾದಿಸುವವರು ಬಹಳ. ಅನುವಾದಕ್ಕೆ ಪಟ್ಟ ಶ್ರಮ ನಮ್ಮದೇ ಆದರೂ ಅನುವಾದಿಸುವ ಹಕ್ಕು ಮೂಲ ಲೇಖಕರದ್ದು, ಅವರ ನಂತರ ವಾರಸುದಾರರದ್ದು. ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಎಣಿಸಬೇಕು. ಸಾನೆ ಗುರೂಜಿ 1950ರಲ್ಲಿ ತೀರಿಕೊಂಡರು, ಅವರ ಬರಹಗಳ ಅವಧಿ 2010ಕ್ಕೆ ಮುಗಿದಿದೆ. ವಿ.ಸ. ಖಾಂಡೇಕರರು ತೀರಿಕೊಂಡದ್ದು 1976ರಲ್ಲಿ, ಹಾಗಾಗಿ 2036ರ ಕೊನೆಯವರೆಗೆ ಅನುಮತಿ ಬೇಕು. ಅನುವಾದ ಸ್ಪರ್ಧೆಗೆ ಕಳುಹಿಸುವವರು ಅನುಮತಿ ಪತ್ರವನ್ನು ಜೊತೆಗಿಡಿ.

ಒಳ್ಳೆಯ ನಿಯಮ ಹೇಗಿರುತ್ತದೆ ಎಂಬುದಕ್ಕೆ ಅಂತರರಾಷ್ಟ್ರೀಯ ಬುಕರ್ ನೋಡಿ. ಅದರ 50,000 ಪೌಂಡ್ ಬಹುಮಾನ ಲೇಖಕರಿಗೂ ಅನುವಾದಕರಿಗೂ ಸಮಪಾಲು ಎಂದು ನಿಯಮದಲ್ಲೇ ಇದೆ. 2025ರಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಅದು ಹಾಗೆಯೇ ಸಂದಿತು. ಸಣ್ಣ ಕಥೆ ಬರೆಯುವವರು ಕಾಮನ್‌ವೆಲ್ತ್ ಸಣ್ಣಕಥಾ ಬಹುಮಾನದ ನಿಯಮಗಳನ್ನೂ ಒಮ್ಮೆ ಓದಿ. ಪ್ರವೇಶ ಶುಲ್ಕವಿಲ್ಲ, 2000ದಿಂದ 5000 ಪದ, ಅಪ್ರಕಟಿತ ಕಥೆಯಾಗಿರಬೇಕು. ಬೇರೆ ಭಾಷೆಯಿಂದ ಇಂಗ್ಲಿಷಿಗೆ ಅನುವಾದವಾದ ಕಥೆಗಳಿಗೂ ಅಲ್ಲಿ ಪ್ರವೇಶವಿದೆ.

ಅಥಣಿಯ ಶಿಕ್ಷಕ

ಮಕ್ಕಳ ವಿಷಯ ಹೇಳಿ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳಿಂದ ಪ್ರಬಂಧ ಬರೆಸಿ ಕಳುಹಿಸುತ್ತೇವೆ. ಅದೇ ದೃಢೀಕರಣ ಪತ್ರಕ್ಕೆ ಮಕ್ಕಳೇ ಸಹಿ ಮಾಡುತ್ತಾರೆ.

ಬೆಳಗಾವಿಯ ವಕೀಲ

ಸರ್, 18 ವರ್ಷ ತುಂಬದವರು ಮಾಡಿದ ಕರಾರು 1872ರ ಕರಾರು ಕಾಯ್ದೆಯ ಪ್ರಕಾರ ನಿಲ್ಲುವುದಿಲ್ಲ. ಪೋಷಕರ ಸಹಿ ಪಡೆಯಿರಿ, ಮಗುವಿನ ಹೆಸರಿನಲ್ಲೇ ಪ್ರಬಂಧ ಪ್ರಕಟವಾಗಬೇಕೆಂದು ಕೇಳಿ. ಮಕ್ಕಳ ವಿಳಾಸ, ಫೋನ್ ಸಂಖ್ಯೆಗಳನ್ನು ಪ್ರಬಂಧದ ಜೊತೆ ಮುದ್ರಿಸದಂತೆ ಬರೆದು ತಿಳಿಸಿ.

ವಯಸ್ಸಿನ ಮಿತಿಯಿರುವ ಕಡೆ ಯಾವ ದಿನಾಂಕಕ್ಕೆ ವಯಸ್ಸು ಲೆಕ್ಕ ಹಾಕುತ್ತಾರೆಂದು ನೋಡಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ 35ರ ಮಿತಿ ಇದೆ, ಅದನ್ನು ಪುರಸ್ಕಾರದ ವರ್ಷದ ಜನವರಿ 1ಕ್ಕೆ ನೋಡುತ್ತಾರೆ. ದಿನಾಂಕವನ್ನೇ ಹೇಳದ ಸ್ಪರ್ಧೆಗಳಲ್ಲಿ ಕೇಳಿಕೊಂಡೇ ಕಳುಹಿಸಬೇಕು.

ಜಮಖಂಡಿಯ ಕವಿ

ಒಂದೇ ಕಥೆಯನ್ನು ಎರಡು ಸ್ಪರ್ಧೆಗಳಿಗೆ ಕಳುಹಿಸುವ ಬಗ್ಗೆ?

ಬೈಲಹೊಂಗಲದ ಸಂಘಟಕ

ನಿಯಮದಲ್ಲಿ ಬೇಡ ಎಂದಿದ್ದರೆ ಬೇಡವೇ ಬೇಡ. ಹೇಳಿಲ್ಲದಿದ್ದರೂ ನಾನು ಒಪ್ಪುವುದಿಲ್ಲ. ಎರಡೂ ಕಡೆ ಬಹುಮಾನ ಬಂದರೆ ಒಂದನ್ನು ಬಿಡಬೇಕಾಗುತ್ತದೆ, ಅಷ್ಟರಲ್ಲಿ ಇನ್ನೊಬ್ಬರ ಸ್ಥಾನ ತಪ್ಪಿರುತ್ತದೆ. ಆದರೆ ಫಲಿತಾಂಶದ ದಿನಾಂಕ ದಾಟಿ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲದಿದ್ದರೆ, “ಕಥೆಯನ್ನು ಹಿಂಪಡೆಯುತ್ತಿದ್ದೇನೆ” ಎಂದು ಒಂದು ಸಾಲು ಬರೆದು ಬೇರೆ ಕಡೆ ಕಳುಹಿಸಿ. ಕಥೆಯನ್ನು ಕಟ್ಟಿಹಾಕುವ ಅಧಿಕಾರ ಯಾರಿಗೂ ಇಲ್ಲ.

ಬನಹಟ್ಟಿಯ ಶಿಕ್ಷಕಿ

ಸಂಘಟಕರಿಂದ ಉತ್ತರ ಬಂತು! ಬಹುಮಾನ ಪಡೆದ ಕಥೆಗಳನ್ನು ಮಾತ್ರ ಒಂದು ಬಾರಿ ಸಂಕಲನದಲ್ಲಿ ಪ್ರಕಟಿಸುತ್ತಾರಂತೆ, ಕೃತಿಸ್ವಾಮ್ಯ ಲೇಖಕರದ್ದೇ ಎಂದು ಇಮೇಲ್‌ನಲ್ಲಿ ಬರೆದಿದ್ದಾರೆ. ಪ್ರಕಟಣೆಯಲ್ಲೂ ಆ ಸಾಲನ್ನು ಬದಲಿಸುವುದಾಗಿ ಹೇಳಿದ್ದಾರೆ. ಫೇಸ್‌ಬುಕ್‌ನ ಎರಡು ಪ್ಯಾರಾಗಳಿಗೆ ಅಭ್ಯಂತರವಿಲ್ಲ, ಆದರೆ ಫಲಿತಾಂಶ ಬರುವವರೆಗೆ ಅದನ್ನು ಕಾಣದಂತೆ ಮಾಡಿ ಎಂದಿದ್ದಾರೆ, ಇಲ್ಲವಾದರೆ ಲೇಖಕಿ ಯಾರೆಂದು ಪತ್ತೆಯಾಗುತ್ತದೆ. ಅದು ಸರಿಯಾದ ಮಾತು. ಪುಸ್ತಕ ಕೊಳ್ಳಬೇಕೆಂಬ ಷರತ್ತು ಇದೆಯೇ ಎಂದೂ ಕೇಳಿದ್ದೆ, ಇಲ್ಲ ಎಂದಿದ್ದಾರೆ. ಶುಲ್ಕ ಕಟ್ಟಿ ಕಥೆ ಕಳುಹಿಸಿದೆ. ದೃಢೀಕರಣ ಪತ್ರದಲ್ಲಿ “ನಿಯಮಗಳಿಗೆ” ಎಂಬುದರ ಮುಂದೆ “ಸಂಘಟಕರು ಇಮೇಲ್‌ನಲ್ಲಿ ನೀಡಿದ ಸ್ಪಷ್ಟನೆಯಂತೆ” ಎಂದು ಸೇರಿಸಿ ಸಹಿ ಮಾಡಿದ್ದೇನೆ, ಇಮೇಲ್‌ನ ಪ್ರತಿಯನ್ನೂ ಲಗತ್ತಿಸಿದ್ದೇನೆ.

ಜಮಖಂಡಿಯ ಕವಿ

ಅಕ್ಕಾ, ಆ ಪತ್ರವನ್ನು ಇಲ್ಲಿ ಹಾಕಿ. ನಾನೂ ಒಂದು ಕಡೆ ಕೇಳಬೇಕಾಗಿದೆ.

ಬನಹಟ್ಟಿಯ ಶಿಕ್ಷಕಿ

ಇಗೋ. ಯಾರು ಬೇಕಾದರೂ ಬಳಸಿಕೊಳ್ಳಿ, ನಿಮ್ಮ ಸ್ಪರ್ಧೆಯ ನಿಯಮಕ್ಕೆ ತಕ್ಕಂತೆ ಬದಲಿಸಿ.

“ಮಾನ್ಯರೇ, ತಮ್ಮ ಕಥಾಸ್ಪರ್ಧೆಗೆ ಕಥೆ ಕಳುಹಿಸಲು ಬಯಸಿದ್ದೇನೆ. ಅದಕ್ಕೂ ಮೊದಲು ಕೆಲವು ನಿಯಮಗಳ ಬಗ್ಗೆ ಸ್ಪಷ್ಟನೆ ಕೋರುತ್ತೇನೆ. ಬಹುಮಾನ ಪಡೆಯದ ಕಥೆಗಳ ಹಕ್ಕು ಲೇಖಕರಲ್ಲೇ ಉಳಿಯುತ್ತದೆಯೇ? ಬಹುಮಾನಿತ ಕಥೆಯನ್ನು ತಾವು ಎಷ್ಟು ಬಾರಿ, ಯಾವ ರೂಪದಲ್ಲಿ ಪ್ರಕಟಿಸುವಿರಿ? ಆನಂತರ ಲೇಖಕರು ತಮ್ಮ ಸಂಕಲನದಲ್ಲಿ ಅದನ್ನು ಸೇರಿಸಿಕೊಳ್ಳಬಹುದೇ? ಆಯ್ಕೆಯಾದವರು ಪ್ರತಿಗಳನ್ನು ಕೊಳ್ಳಬೇಕೆಂಬ ಷರತ್ತು ಇದೆಯೇ? ಕಥೆಯ ಒಂದು ಸಣ್ಣ ಭಾಗವನ್ನು ಹಿಂದೆ ಫೇಸ್‌ಬುಕ್‌ನಲ್ಲಿ ಹಂಚಿಕೊಂಡಿದ್ದೆ, ಇದರಿಂದ ಅಡ್ಡಿಯಿದೆಯೇ? ತಮ್ಮ ಉತ್ತರವನ್ನು ಬರಹದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ. ವಂದನೆಗಳು.”